ಸೂರಿನ ನೀರು, ಹಿತ್ತಲಿನ ಗಿಡ

2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರನ್ನು ವಾಹನ ತೊಳೆಯಲು, ಕಟ್ಟಡ ಕಟ್ಟಲು, ಕಾರಂಜಿ ಚಿಮ್ಮಿಸಲು ಬಳಸುವಂತಿಲ್ಲ, ಕೈತೋಟಕ್ಕೂ ಹಾಕುವಂತಿಲ್ಲ. ಸಿಕ್ಕಿಬಿದ್ದರೆ 5,000 ರೂಪಾಯಿ ದಂಡ. ಹಿಂದಿನ ವರ್ಷ ಮುಂಗಾರು ಕೈಕೊಟ್ಟಿತ್ತು, ಕೊಳವೆಬಾವಿಗಳು ಬತ್ತಿದ್ದವು, ಟ್ಯಾಂಕರ್ ಬೆಲೆ ಏರಿತ್ತು. ಆದೇಶವನ್ನು ತಪ್ಪೆನ್ನುವಂತಿರಲಿಲ್ಲ. ಆದರೆ ಅಂಗಳದ ದಾಸವಾಳ, ಕಾಂಪೌಂಡಿಗೆ ಹಬ್ಬಿದ ಮಲ್ಲಿಗೆ, ಕಟ್ಟೆಯ ತುಳಸಿ ಇವಕ್ಕೆಲ್ಲ ಆದೇಶ ಓದಲು ಬರುವುದಿಲ್ಲವಲ್ಲ! ಕತ್ತಲಾದ ಮೇಲೆ ಬಾಗಿಲು ಮರೆಮಾಡಿಕೊಂಡು ತುಳಸಿಗೆ ಒಂದು ಚೊಂಬು ನೀರು ಹಾಕಿದವರು ನಗರದಲ್ಲಿ ಎಷ್ಟು ಮಂದಿಯೋ.

ಅದೇ ವರ್ಷದ ಮಳೆಗಾಲದಲ್ಲಿ ಇನ್ನೊಂದು ಪೇಚು ಎದುರಾಯಿತು. ಡೆಂಗಿ ಜ್ವರ ಹೆಚ್ಚಿದ್ದರಿಂದ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗಗಳ ಸಾಲಿಗೆ ಸೇರಿಸಿತು. ನೀರು ನಿಲ್ಲಿಸಿ ಸೊಳ್ಳೆ ಮರಿಗೆ ಆಸ್ಪದ ಕೊಟ್ಟ ಮನೆಯವರಿಗೂ ದಂಡ ಗೊತ್ತಾಯಿತು. ಅಂದರೆ ಬೇಸಿಗೆಯಲ್ಲಿ ಗಿಡಕ್ಕೆ ನಲ್ಲಿ ನೀರು ಹಾಕಿದರೂ ದಂಡ, ಮಳೆಗಾಲದಲ್ಲಿ ಗಿಡಕ್ಕೆಂದು ಡ್ರಮ್ಮಿನಲ್ಲಿ ನೀರು ಹಿಡಿದು ಬಾಯಿ ತೆರೆದಿಟ್ಟರೂ ದಂಡ. ಈ ಎರಡರ ನಡುವೆ ಗಿಡವನ್ನೂ ಜೇಬನ್ನೂ ಉಳಿಸಿಕೊಳ್ಳುವ ದಾರಿ ಇದೆಯೇ? ಇದೆ. ಅದು ಹೊಸದೇನಲ್ಲ, ದುಬಾರಿಯೂ ಅಲ್ಲ. ಆದರೆ ಅದಕ್ಕೊಂದು ಮಿತಿ ಇದೆ. ಮಳೆಕೊಯ್ಲಿನ ಬಗ್ಗೆ ಉತ್ಸಾಹದಿಂದ ಮಾತನಾಡುವವರು ಈ ಮಿತಿಯನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಹಂಡೆಯಿಂದ ನಲ್ಲಿಗೆ

ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಸೂರಿನ ನೀರು ಹಿಡಿಯುವುದಕ್ಕೆ ಯಾರೂ ದೊಡ್ಡ ಹೆಸರು ಕೊಟ್ಟಿರಲಿಲ್ಲ. ಜೋರು ಮಳೆ ಹಿಡಿದಾಗ ಬಾವಿಕಟ್ಟೆಗೆ ಹೋಗುವುದು ಕಷ್ಟ. ಹಂಚಿನ ಮಾಡಿನಿಂದ ಧಾರೆಯಾಗಿ ಇಳಿಯುವ ನೀರಿಗೆ ಸೀಳಿದ ಅಡಕೆ ದಬ್ಬೆಯನ್ನು ಓರೆಯಾಗಿ ಕಟ್ಟಿ, ಅದರ ತುದಿಗೆ ಹಂಡೆಯನ್ನೋ ಕಡಾಯಿಯನ್ನೋ ಇಟ್ಟರೆ ಮುಗಿಯಿತು. ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು, ದನಕ್ಕೆ ಕುಡಿಸಲು ಆ ನೀರು ಸಾಕು. ಬಯಲುಸೀಮೆಯಲ್ಲಿ ಸವುಳು ನೀರಿನ ಬಾವಿಗಳ ಊರಿನವರು ಮಳೆನೀರನ್ನು ಇನ್ನಷ್ಟು ಜೋಪಾನ ಮಾಡುತ್ತಿದ್ದರು. ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ. ಮಳೆನೀರು ಮೆದು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಇಲ್ಲವೆನ್ನುವಷ್ಟು ಕಡಿಮೆ. ಗಿಡಕ್ಕೂ ಇದೇ ಲೆಕ್ಕ. ಬೋರ್‌ವೆಲ್ ನೀರನ್ನೇ ವರ್ಷಾನುಗಟ್ಟಲೆ ಕುಡಿದ ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿರುವುದನ್ನು ಎಲ್ಲರೂ ನೋಡಿರುತ್ತೀರಿ. ಮಳೆನೀರು ಕುಡಿದ ಕುಂಡ ಹಾಗಾಗುವುದಿಲ್ಲ.

ಈ ರೂಢಿ ತಪ್ಪಿದ್ದು ನಲ್ಲಿ ಬಂದ ಮೇಲೆ. ಬೆಂಗಳೂರಿನ ಕಥೆಯಂತೂ ಇದಕ್ಕೆ ಒಳ್ಳೆಯ ಉದಾಹರಣೆ. ಹತ್ತಿರದಲ್ಲಿ ದೊಡ್ಡ ನದಿಯಿಲ್ಲದ ಈ ಊರು ಮಳೆನೀರು ನಿಲ್ಲಿಸಿದ ಕೆರೆಗಳನ್ನೂ ಮನೆಯಂಗಳದ ಬಾವಿಗಳನ್ನೂ ನಂಬಿ ಬದುಕಿತ್ತು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜ ಸಾಗರದ್ದು ಬಂತು, 1974ರಲ್ಲಿ ಕಾವೇರಿ ಬಂದಳು. ಅಷ್ಟರಲ್ಲಿ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣದ ಹಾದಿ ಹಿಡಿದಿತ್ತು, ಸಂಪಂಗಿ ಕೆರೆ ಕ್ರೀಡಾಂಗಣವಾಗಿತ್ತು. ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಹರಿದು, ಮೂರು ಹಂತಗಳಲ್ಲಿ ಪಂಪುಗಳಿಂದ ಸುಮಾರು 500 ಮೀಟರ್ ಎತ್ತರ ಏರಿ ನಮ್ಮ ಮನೆಗೆ ಬರುತ್ತದೆ. ಅಷ್ಟು ವಿದ್ಯುತ್ತು ತಿಂದು ಬಂದ, ಶುದ್ಧೀಕರಿಸಿ ಕ್ಲೋರಿನ್ ಬೆರೆಸಿದ ನೀರನ್ನು ಕರಿಬೇವಿನ ಬುಡಕ್ಕೆ ಸುರಿಯುತ್ತೇವೆ. ಅದೇ ಹೊತ್ತಿನಲ್ಲಿ, ತಾರಸಿಯ ಮೇಲೆ ಬಿಟ್ಟಿ ಬಿದ್ದ ನೀರು ಪೈಪಿನಲ್ಲಿಳಿದು ಗೇಟಿನ ಮುಂದೆ ಮೋರಿ ಸೇರಿರುತ್ತದೆ.

2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು, ಬೆಂಗಳೂರಿನ 60X40 ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳ ಹಳೆಯ ಮನೆಗಳಿಗೂ, 30X40 ಅಡಿಯಿಂದ ಮೇಲಿನ ಹೊಸ ಮನೆಗಳಿಗೂ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಲಾಯಿತು. ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಕೊಯ್ಲು ಉದ್ಯಾನವೂ ಆಯಿತು. ಇವೆಲ್ಲ ಸ್ವಂತ ಮನೆಯವರ ಮಾತು. ಸಂಪು, ಇಂಗುಗುಂಡಿ, ಫಿಲ್ಟರು ಎಂದು ಖರ್ಚು ಮಾಡಬಲ್ಲವರ ಮಾತು. ಬಾಡಿಗೆ ಮನೆಯಲ್ಲಿದ್ದು, ಹತ್ತಿಪ್ಪತ್ತು ಕುಂಡ ಇಟ್ಟುಕೊಂಡವರು ಏನು ಮಾಡಬೇಕು? ಈ ಬರಹ ಹೆಚ್ಚಾಗಿ ಅವರಿಗಾಗಿ. ಬರೆಯುತ್ತಿರುವವನೂ ಅವರಲ್ಲೊಬ್ಬ.

ಒಂದು ಸೆಂಟಿಮೀಟರ್, ಒಂದು ಡ್ರಮ್ಮು

ಮೊದಲು ಲೆಕ್ಕ. ಮಳೆಯನ್ನು ಅಳೆಯುವುದು ನಮ್ಮಲ್ಲಿ ಹಳೆಯ ವಿದ್ಯೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಸರ್ಕಾರಿ ಉಗ್ರಾಣದ ಬಳಿ ಒಂದು ಅರತ್ನಿ, ಅಂದರೆ ಸುಮಾರು ಒಂದು ಮೊಳ ಅಗಲದ ಬಾಯಿಯುಳ್ಳ ಕುಂಡವನ್ನು ಮಳೆ ಅಳೆಯಲು ಇಡಬೇಕೆಂಬ ವಿಧಿಯಿದೆ. ಯಾವ ಸೀಮೆಯಲ್ಲಿ ಎಷ್ಟು ದ್ರೋಣ ಮಳೆ ಬೀಳುತ್ತದೆ, ಅದಕ್ಕೆ ತಕ್ಕಂತೆ ಏನು ಬಿತ್ತಬೇಕು ಎಂಬ ವಿವರವೂ ಉಂಟು. ಕಳೆದುಹೋಗಿದ್ದ ಈ ಗ್ರಂಥದ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದವರು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಾಶಾಸ್ತ್ರಿಗಳು. ಮಳೆ ಎಷ್ಟು ಬಂತೆಂದು ತಿಳಿಯದೆ ಬಿತ್ತನೆಯನ್ನಾಗಲಿ ಕಂದಾಯವನ್ನಾಗಲಿ ನಿರ್ಧರಿಸುವುದು ಹೇಗೆ ಎಂಬುದು ಆ ಕಾಲದ ಆಡಳಿತದ ಯೋಚನೆ. ಡ್ರಮ್ಮು ಕೊಳ್ಳುವ ಮುಂಚೆ ನಾವೂ ಹಾಗೆಯೇ ಯೋಚಿಸಬೇಕು.

ಇಂದಿನ ಲೆಕ್ಕ ದ್ರೋಣಕ್ಕಿಂತ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. 1,000 ಚದರ ಅಡಿಯ ತಾರಸಿ ಎಂದರೆ ಸುಮಾರು 93 ಚದರ ಮೀಟರ್. ಅಂಥ ತಾರಸಿಯ ನೀರು ಸಾಮಾನ್ಯವಾಗಿ ಮೂರು-ನಾಲ್ಕು ಪೈಪುಗಳಲ್ಲಿ ಇಳಿಯುತ್ತದೆ. ಒಂದು ಪೈಪಿನ ಪಾಲಿಗೆ ಸುಮಾರು 250 ಚದರ ಅಡಿ, ಅಂದರೆ 23 ಚದರ ಮೀಟರ್ ಬಂತೆಂದು ಇಟ್ಟುಕೊಳ್ಳಿ. ಒಂದು ಸೆಂಟಿಮೀಟರ್ (10 ಮಿ.ಮೀ.) ಮಳೆ ಬಿದ್ದರೆ ಆ ಪೈಪಿಗೆ 230 ಲೀಟರ್. ಕಾದ ಕಾಂಕ್ರೀಟು ಕುಡಿದದ್ದು, ಸಿಡಿದದ್ದು, ಗುಂಡಿಯಲ್ಲಿ ನಿಂತದ್ದು ಎಂದು ಶೇ 15ರಷ್ಟು ಕಳೆದರೂ 195 ಲೀಟರ್ ಉಳಿಯುತ್ತದೆ. ಅಂಗಡಿಗಳಲ್ಲಿ ಸಿಗುವ ನೀಲಿ ಪ್ಲಾಸ್ಟಿಕ್ ಡ್ರಮ್ಮು ಹಿಡಿಯುವುದು 200 ಲೀಟರ್. ಹಾಗಾಗಿ ನೆನಪಿಡಲು ಸುಲಭ: ಒಂದು ಸೆಂಟಿಮೀಟರ್ ಮಳೆ, ಒಂದು ಪೈಪು, ಒಂದು ಡ್ರಮ್ಮು.

ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 97 ಸೆಂಟಿಮೀಟರ್. ಒಂದೇ ಪೈಪಿನಿಂದ ವರ್ಷಕ್ಕೆ ತೊಂಬತ್ತಕ್ಕೂ ಹೆಚ್ಚು ಡ್ರಮ್ಮು ನೀರು! ಕೇಳಿದರೆ ಖುಷಿಯಾಗುತ್ತದೆ. ಆದರೆ ಆ ತೊಂಬತ್ತು ಡ್ರಮ್ಮು ಯಾವ ಯಾವ ತಿಂಗಳು ತುಂಬುತ್ತವೆ ಎನ್ನುವುದರಲ್ಲಿ ತೊಡಕಿದೆ. ಅದನ್ನು ಮುಂದೆ ನೋಡೋಣ.

ಕಟ್ಟಿಕೊಳ್ಳುವ ಬಗೆ

ಡ್ರಮ್ಮನ್ನು ಹೊಸದಾಗಿ ಕೊಳ್ಳಬೇಕಾಗಿಲ್ಲ. ಗುಜರಿ ಅಂಗಡಿಗಳಲ್ಲಿ, ಹಳೆಯ ಡ್ರಮ್ಮು ಮಾರುವವರಲ್ಲಿ ವಿಚಾರಿಸಿದರೆ ಸಿಗುತ್ತದೆ. ನನಗೆ ಸಿಕ್ಕಿದ್ದು 800 ರೂಪಾಯಿಗೆ. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಮೊದಲು ಇದರಲ್ಲಿ ಏನಿತ್ತು? ಉಪ್ಪಿನಕಾಯಿ, ಹಣ್ಣಿನ ರಸ, ಸಕ್ಕರೆ ಪಾಕ ಇದ್ದದ್ದಾದರೆ ಒಳ್ಳೆಯದು. ಕ್ರಿಮಿನಾಶಕ, ಬಣ್ಣ, ಆಮ್ಲ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಸೊಪ್ಪು-ತರಕಾರಿಗೆ ಬಳಸಬಾರದು. ಮಾರುವವನಿಗೆ ಗೊತ್ತಿಲ್ಲವೆಂದರೆ ಮೂಗಿಗೆ ಕೆಲಸ ಕೊಡಿ. ಆಗಲೂ ಅನುಮಾನವಿದ್ದರೆ ಬಿಟ್ಟುಬಿಡಿ.

200 ಲೀಟರ್ ನೀರೆಂದರೆ 200 ಕಿಲೋ ಭಾರ, ಮೂವರು ದೊಡ್ಡವರು ಒಟ್ಟಿಗೆ ನಿಂತ ಹಾಗೆ. ಬಾಲ್ಕನಿಯ ಅಂಚಿನಲ್ಲಿ, ಸಜ್ಜಾದ ಮೇಲೆ ಇಡುವ ಸಾಹಸ ಬೇಡ. ನೆಲದ ಮೇಲೆ, ಸಿಮೆಂಟ್ ಬ್ಲಾಕುಗಳನ್ನು ಒಂದೂವರೆ ಅಡಿ ಎತ್ತರಕ್ಕೆ ಸಮನಾಗಿ ಜೋಡಿಸಿ ಅದರ ಮೇಲೆ ಇಡಬೇಕು. ಎತ್ತರ ಏಕೆಂದರೆ ಕೆಳಗಿನ ನಲ್ಲಿಗೆ ಬಕೆಟ್ಟೋ ಬಿಂದಿಗೆಯೋ ಹಿಡಿಯಬೇಕಲ್ಲ. ನಲ್ಲಿಯನ್ನು ಡ್ರಮ್ಮಿನ ತಳದಿಂದ ಮೂರು-ನಾಲ್ಕು ಬೆರಳು ಮೇಲೆ ಹಾಕಿಸಿ. ತಳದಲ್ಲಿ ಕೂರುವ ಮಣ್ಣು ನಲ್ಲಿಗೆ ಬರುವುದಿಲ್ಲ. ರಂಧ್ರ ಕೊರೆದು ರಬ್ಬರ್ ವಾಷರ್ ಸಮೇತ ಟ್ಯಾಂಕ್ ನಿಪ್ಪಲ್ ಬಿಗಿದರೆ ಸೋರುವುದಿಲ್ಲ; ಪ್ಲಂಬರ್‌ಗೆ ಅರ್ಧ ಗಂಟೆಯ ಕೆಲಸ. ಇಷ್ಟು ಎತ್ತರದಿಂದ ಬರುವ ನೀರಿಗೆ ಒತ್ತಡ ಹೆಚ್ಚಿರುವುದಿಲ್ಲ. ರಬ್ಬರ್ ಪೈಪು ಹಾಕಿದರೆ ಹನಿಹನಿಯಾಗಿ ಹರಿಯುತ್ತದಷ್ಟೆ. ಕುಂಡಗಳಿಗೆ ಚೊಂಬಿನಲ್ಲಿ ಹಾಕುವುದೇ ಮೇಲು.

ತಾರಸಿಯ ಪೈಪನ್ನು ಡ್ರಮ್ಮಿನ ಮಟ್ಟಕ್ಕೆ ಕತ್ತರಿಸಿ ಒಂದು ಎಲ್ಬೋ ಕೂಡಿಸಬೇಕು. ಬಾಡಿಗೆ ಮನೆಯಾದರೆ ಇದಕ್ಕೆ ಮಾಲೀಕರ ಒಪ್ಪಿಗೆ ಬೇಕು. ಬಿಟ್ಟುಹೋಗುವಾಗ ಮತ್ತೆ ಜೋಡಿಸಿಕೊಡುತ್ತೇನೆಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಮೊದಲ ಮಳೆಯ ನೀರನ್ನು ಹೊರಕ್ಕೆ ಬಿಡಬೇಕೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ತಾರಸಿಯ ದೂಳು, ಹಕ್ಕಿಯ ಹಿಕ್ಕೆ, ಎಲೆ ಎಲ್ಲ ಅದರಲ್ಲಿ ಬರುತ್ತವೆ. ಕುಡಿಯುವ ನೀರಿಗಾದರೆ ಇದು ಬಿಡುವಂತಿಲ್ಲದ ನಿಯಮ. ಗಿಡದ ವಿಷಯದಲ್ಲಿ ಇಷ್ಟು ಮಡಿ ಬೇಕಾಗಿಲ್ಲ. ಹಕ್ಕಿಯ ಹಿಕ್ಕೆಯನ್ನು ಗಿಡ ಬೇಡವೆನ್ನುವುದಿಲ್ಲ. ಡ್ರಮ್ಮಿನ ತಳದಲ್ಲಿ ಕೆಸರು ತುಂಬದಿರಲಿ ಎಂಬಷ್ಟಕ್ಕೆ ಮಾತ್ರ ಜಾಗ್ರತೆ ಸಾಕು. ನಮ್ಮ 23 ಚದರ ಮೀಟರ್ ತಾರಸಿಯನ್ನು ತೊಳೆಯಲು ಮೊದಲ ಒಂದು ಮಿಲಿಮೀಟರ್ ಮಳೆ, ಅಂದರೆ 23 ಲೀಟರ್, ಹೊರಗೆ ಹೋದರೆ ಸಾಕು. ಎಲ್ಬೋವನ್ನು ತಿರುಗಿಸುವಂತೆ ಸಡಿಲವಾಗಿ ಕೂಡಿಸಿದ್ದರೆ ಮಳೆ ಶುರುವಾದ ಹತ್ತು ನಿಮಿಷ ಅದನ್ನು ಪಕ್ಕದ ಪಾತಿಯ ಕಡೆ ತಿರುಗಿಸಿಡಬಹುದು. ಮನೆಯಲ್ಲಿ ಯಾರೂ ಇಲ್ಲದಾಗ ಬರುವ ಮಳೆಗೆ ಈ ಉಪಾಯ ನಡೆಯುವುದಿಲ್ಲ ಎನ್ನಿ. ತಾರಸಿಗೆ ಹೊಸದಾಗಿ ಬಣ್ಣವನ್ನೋ ಸೋರಿಕೆ ತಡೆಯುವ ಲೇಪವನ್ನೋ ಹಚ್ಚಿದ್ದರೆ ಮಾತ್ರ ಮೊದಲ ಕೆಲವು ಮಳೆಗಳನ್ನು ಪೂರ್ತಿ ಹೊರಬಿಡಿ.

ಇನ್ನು ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಳಚೆಗಿಂತ ತಿಳಿನೀರು ಇಷ್ಟ. ಮೊಟ್ಟೆ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು. ನನ್ನ ಮೊದಲ ವರ್ಷದ ಅನುಭವ ಇಲ್ಲಿ ಹೇಳಬೇಕು. ಡ್ರಮ್ಮಿಗೆ ಭದ್ರ ಮುಚ್ಚಳ ಹಾಕಿದ್ದೆ, ಪೈಪು ಬರುವ ಬಾಯಿಗೆ ಪರದೆ ಬಟ್ಟೆ ಕಟ್ಟಿದ್ದೆ. ಹೆಚ್ಚಾದ ನೀರು ಹೊರಹೋಗಲು ಮೇಲೆ ಕೊರೆದಿದ್ದ ಒಂದು ಅಂಗುಲದ ರಂಧ್ರವನ್ನು ಮರೆತಿದ್ದೆ. ಎಂಟು-ಹತ್ತು ದಿನವಾದ ಮೇಲೆ ಮನೆಯೊಡತಿ ಬಕೆಟ್ಟಿಗೆ ನೀರು ಹಿಡಿದವರು ಕರೆದು ತೋರಿಸಿದರು: 'ಏನಪ್ಪಾ ಇದು, ಗಿಡ ಬೆಳೆಸ್ತಿದ್ದೀಯೋ ಸೊಳ್ಳೆ ಬೆಳೆಸ್ತಿದ್ದೀಯೋ?' ಬಕೆಟ್ಟಿನಲ್ಲಿ ಕಪ್ಪು ಎಳೆಗಳಂಥ ಮರಿಗಳು ಕುಣಿಯುತ್ತಿದ್ದವು. ಅಷ್ಟೂ ನೀರನ್ನು ಅಂದೇ ಬಿಸಿಲಿನ ನೆಲಕ್ಕೆ ಚೆಲ್ಲಿ, ಡ್ರಮ್ಮಿನ ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಬೇಕಾಯಿತು. ತಿಕ್ಕುವುದು ಏಕೆಂದರೆ ಈಡಿಸ್ ಮೊಟ್ಟೆ ನೀರಿನ ಅಂಚಿನ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಬದುಕುತ್ತದೆ. ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಡ್ರಮ್ಮಿಗಿರುವ ಪ್ರತಿಯೊಂದು ಬಾಯಿಗೂ, ಒಳಬರುವುದಕ್ಕೂ ಹೊರಹೋಗುವುದಕ್ಕೂ, ಸೊಳ್ಳೆ ಪರದೆಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ತಂತಿಯಲ್ಲಿ ಬಿಗಿಯಬೇಕು. ವಾರಕ್ಕೊಮ್ಮೆ ಹರಿದಿದೆಯೇ ಎಂದು ನೋಡಬೇಕು. ಸುಲಭದ ಕೆಲಸವೆಂದೇ ಇದನ್ನು ಮರೆಯುತ್ತೇವೆ.

ಬಿಸಿಲು ತಾಗುವ ತಿಳಿ ಬಣ್ಣದ ಡ್ರಮ್ಮಿನೊಳಗೆ ಪಾಚಿ ಕಟ್ಟುತ್ತದೆ. ಹೊರಗೆ ಕಪ್ಪು ಬಣ್ಣ ಬಳಿದರೆ, ಇಲ್ಲವೇ ಗೋಣಿಚೀಲ ಸುತ್ತಿದರೆ ನಿಲ್ಲುತ್ತದೆ. ಎರಡು-ಮೂರು ಡ್ರಮ್ಮು ಇಡುವ ಜಾಗವಿದ್ದರೆ ಎಲ್ಲವನ್ನೂ ಒಂದೇ ಮಟ್ಟದಲ್ಲಿಟ್ಟು ತಳಭಾಗದಲ್ಲಿ ಸಣ್ಣ ಪೈಪಿನಿಂದ ಕೂಡಿಸಿ. ಒಂದಕ್ಕೆ ಬಿದ್ದ ನೀರು ಎಲ್ಲದರಲ್ಲೂ ಸಮನಾಗಿ ಏರುತ್ತದೆ.

ನೂರು ದಿನದ ಪ್ರಶ್ನೆ

ಈಗ ಮಿತಿಯ ಮಾತು. ಬೆಂಗಳೂರಿನಲ್ಲಿ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಸರಾಸರಿ 20 ಸೆಂಟಿಮೀಟರ್ ಆಸುಪಾಸು ಮಳೆ. ಅಕ್ಟೋಬರ್ ಕೂಡ ಹೆಚ್ಚು ಹಿಂದಿಲ್ಲ. ಆ ದಿನಗಳಲ್ಲಿ ಡ್ರಮ್ಮು ತುಂಬಿ ಹೊರಚೆಲ್ಲುತ್ತಿರುತ್ತದೆ, ಗಿಡಕ್ಕೆ ನೀರೇ ಬೇಡ. ಜನವರಿ-ಫೆಬ್ರವರಿ ಎರಡೂ ಸೇರಿ ಬೀಳುವುದು ಒಂದು ಸೆಂಟಿಮೀಟರ್ ಕೂಡ ಇಲ್ಲ. ಬೇಕಾದಾಗ ಇಲ್ಲ, ಇದ್ದಾಗ ಬೇಡ.

ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ. ಆರ್. ಶಿವಕುಮಾರ್ 1990ರ ದಶಕದಲ್ಲಿ ಬೆಂಗಳೂರಿನ ವಿಜಯನಗರದಲ್ಲಿ ಮನೆ ಕಟ್ಟಿದಾಗ ಮಳೆನೀರನ್ನೇ ನಂಬಿ ಬದುಕಲು ತೀರ್ಮಾನಿಸಿದರು. ಅದಕ್ಕೆ ಮೊದಲು ಅವರು ಮಾಡಿದ್ದು ನಗರದ ಸುಮಾರು ನೂರು ವರ್ಷಗಳ ಮಳೆಯ ದಾಖಲೆಯನ್ನು ಪರಿಶೀಲಿಸಿದ್ದು. ಒಳ್ಳೆಯ ಎರಡು ಮಳೆಗಳ ನಡುವಿನ ದೊಡ್ಡ ಅಂತರ ತೊಂಬತ್ತರಿಂದ ನೂರು ದಿನ ಎಂದು ಕಂಡುಕೊಂಡು, ಮನೆಗೆ ದಿನಕ್ಕೆ 400 ಲೀಟರ್‌ನಂತೆ ನೂರು ದಿನಕ್ಕೆ ಬೇಕಾಗುವಷ್ಟು, ಅಂದರೆ 40 ಸಾವಿರ ಲೀಟರ್‌ಗೂ ಮೀರಿದ ಸಂಗ್ರಹದ ಏರ್ಪಾಟು ಮಾಡಿದರು. ವರ್ಷಕ್ಕೆ ಎಷ್ಟು ಮಳೆ ಎಂಬುದಕ್ಕಿಂತ ಎಷ್ಟು ದಿನ ಮಳೆಯಿಲ್ಲ ಎಂಬುದನ್ನು ಮೊದಲು ಕೇಳಿದ್ದು ಅವರ ಜಾಣತನ.

ಇದೇ ಲೆಕ್ಕವನ್ನು ಕೈತೋಟಕ್ಕೆ ಹಚ್ಚಿ ನೋಡಿ. ಇಪ್ಪತ್ತೈದು ಕುಂಡಗಳಿಗೆ ಬೇಸಿಗೆಯಲ್ಲಿ ದಿನಕ್ಕೆ ಇಪ್ಪತ್ತು ಲೀಟರ್ ಬೇಕು. ನೂರು ದಿನಕ್ಕೆ 2,000 ಲೀಟರ್, ಹತ್ತು ಡ್ರಮ್ಮು. ಒಂದು ಡ್ರಮ್ಮು ಹತ್ತೇ ದಿನಕ್ಕೆ ಮುಗಿಯುತ್ತದೆ. ಹತ್ತು ಡ್ರಮ್ಮು ಇಡುವ ಜಾಗ ಎಷ್ಟು ಮನೆಗಳಲ್ಲಿದೆ? 'ಒಂದು ಡ್ರಮ್ಮು ಇಟ್ಟರೆ ಬೇಸಿಗೆ ಗೆದ್ದಂತೆ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದೆರಡು ಡ್ರಮ್ಮು ಕೈಹಿಡಿಯುವುದು ಏಪ್ರಿಲ್‌ನಿಂದ ನವೆಂಬರ್‌ವರೆಗೆ, ಎರಡು ಮಳೆಗಳ ನಡುವಿನ ವಾರ-ಹತ್ತು ದಿನಗಳ ಬಿಡುವಿನಲ್ಲಿ. ಆ ಎಂಟು ತಿಂಗಳು ಗಿಡಕ್ಕೆ ನಲ್ಲಿ ನೀರು ಮುಟ್ಟಿಸಬೇಕಾದ ಪ್ರಸಂಗ ಅಪರೂಪ. ಅದೇನೂ ಸಣ್ಣ ಉಳಿತಾಯವಲ್ಲ. ಆದರೆ ಮಾರ್ಚ್ ತಿಂಗಳ ಆ ಆದೇಶಕ್ಕೆ ಡ್ರಮ್ಮೊಂದೇ ಉತ್ತರವಾಗದು.

ಹಿತ್ತಲಿದ್ದವರು ಗುಂಡಿ ತೋಡಬಹುದು. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಕೃಷಿ ಹೊಂಡಗಳದ್ದೇ ಸಣ್ಣ ರೂಪ ಇದು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ಆಳದ ಗುಂಡಿಗೆ ಮಲೆನಾಡಿನ ತೋಟಗಳಲ್ಲಿ ಬಳಸುವ ಸಿಲ್ಪಾಲಿನ್ ಹಾಳೆ ಹಾಸಿದರೆ 2,000 ಲೀಟರ್ ನಿಲ್ಲುತ್ತದೆ. ಅದೇ ನಮಗೆ ಬೇಕಾದ ಹತ್ತು ಡ್ರಮ್ಮು. ಆದರೆ ಬಾಯಿ ತೆರೆದಿಟ್ಟರೆ ಬೇಸಿಗೆಯ ಬಿಸಿಲು ದಿನಕ್ಕೆ ಸುಮಾರು ಆರು ಮಿಲಿಮೀಟರ್ ನೀರು ಹೀರುತ್ತದೆ. ನೂರು ದಿನಕ್ಕೆ ಎರಡು ಅಡಿ! ಮೂರು ಅಡಿಯಲ್ಲಿ ಎರಡು ಅಡಿ ಸೂರ್ಯನ ಪಾಲು. ಬಿದಿರಿನ ತಡಿಕೆ ಮುಚ್ಚಿ ಅದರ ಮೇಲೆ ತೆಂಗಿನ ಗರಿ ಹೊದಿಸಬೇಕು, ಅಡಿಯಲ್ಲಿ ಸೊಳ್ಳೆ ಪರದೆ ಎಳೆದು ಕಟ್ಟಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಗುಂಡಿಯ ಯೋಚನೆಯೇ ಬೇಡ.

ನೆಲವೇ ದೊಡ್ಡ ಡ್ರಮ್ಮು

ಚಿತ್ರದುರ್ಗದ ಕೋಟೆ ನೋಡಿದವರು ಅಲ್ಲಿನ ಹೊಂಡಗಳನ್ನು ನೆನಪಿಸಿಕೊಳ್ಳಿ. ವರ್ಷಕ್ಕೆ 60 ಸೆಂಟಿಮೀಟರ್ ಆಸುಪಾಸು ಮಳೆ ಬೀಳುವ ಆ ಬಂಡೆಗಳ ನಡುವೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಮೇಲಿನದು ತುಂಬಿ ಚೆಲ್ಲಿದ್ದು ಕೆಳಗಿನದರ ಆಸ್ತಿ. ಎಲ್ಲವನ್ನೂ ಒಂದೇ ದೊಡ್ಡ ಹೊಂಡದಲ್ಲಿ ಹಿಡಿಯುವ ಹಟ ಅಲ್ಲಿಲ್ಲ. ಮನೆಯ ಅಳತೆಯಲ್ಲಿ ನಾವು ಮಾಡಬೇಕಾದದ್ದೂ ಇದನ್ನೇ. ಡ್ರಮ್ಮು ತುಂಬಿ ಚೆಲ್ಲಿದ ನೀರು ಮೋರಿಗೆ ಹೋಗದೆ ಪಾತಿಗೆ ಹೋಗಬೇಕು. ಮನೆಯ ಪಾಯದಿಂದ ಸಾಕಷ್ಟು ದೂರದಲ್ಲಿ, ನುಗ್ಗೆಯದೋ ಬಾಳೆಯದೋ ಪಕ್ಕದಲ್ಲಿ ಎರಡಡಿ ಗುಂಡಿ ತೋಡಿ, ತೆಂಗಿನ ಸಿಪ್ಪೆಯನ್ನು ಒಳಮುಖ ಮೇಲಾಗಿ ಸಾಲುಸಾಲಾಗಿ ಜೋಡಿಸಿ ಮಣ್ಣು ಮುಚ್ಚಿ. ತೆಂಗಿನ ತೋಟಗಳಲ್ಲಿ ಇದು ಬಳಕೆಯಲ್ಲಿರುವ ಕ್ರಮ. ಸಿಪ್ಪೆಯ ನಾರು-ಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಇದಕ್ಕೆ ಖರ್ಚಿಲ್ಲ, ಸೊಳ್ಳೆಯಿಲ್ಲ, ದಂಡವೂ ಇಲ್ಲ.

ಮಣ್ಣಿನಲ್ಲಿ ಸೇರಿದ ನೀರನ್ನು ಆವಿಯಾಗದಂತೆ ಕಾಯುವುದು ಮುಂದಿನ ಕೆಲಸ. ತರಗೆಲೆ, ಕಬ್ಬಿನ ರವದಿ, ತೆಂಗಿನ ನಾರು, ಏನಾದರೂ ಸರಿ, ಬುಡಕ್ಕೆ ಮೂರು ಅಂಗುಲ ಹೊದಿಕೆ ಬೇಕು. ಗುಡಿಸಿ ಸ್ವಚ್ಛ ಮಾಡಿದ ಅಂಗಳ ನೋಡಲು ಚೆಂದ, ಗಿಡಕ್ಕೆ ಹಿಂಸೆ. ಬೀದಿಯ ಮರದಡಿ ತರಗೆಲೆ ಗುಡಿಸಿ ಬೆಂಕಿ ಹಚ್ಚುವುದನ್ನು ಕಂಡಾಗಲೆಲ್ಲ ನನಗೆ ಯಾರದೋ ಡ್ರಮ್ಮಿಗೆ ತೂತು ಕೊರೆದಂತೆ ಕಾಣುತ್ತದೆ.

ಇನ್ನೊಂದು ಉಪಾಯ ಮಡಕೆಯದು. ಎರಡು ಸಾವಿರ ವರ್ಷಗಳ ಹಿಂದೆಯೇ ಚೀನಾದ ಕೃಷಿಗ್ರಂಥವೊಂದು ಇದನ್ನು ವರ್ಣಿಸಿದೆ. ನಮ್ಮ ಬಯಲುಸೀಮೆಯಲ್ಲಿ ಎಳೆಯ ಮಾವು, ಸಪೋಟ ಸಸಿಗಳನ್ನು ರೈತರು ಇದರಿಂದಲೇ ಉಳಿಸಿಕೊಂಡಿದ್ದಾರೆ. ಮೆರುಗು ಕೊಡದ, ಬಣ್ಣ ಹಚ್ಚದ ಮಣ್ಣಿನ ಮಡಕೆಯನ್ನು ಗಿಡದ ಪಕ್ಕ ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಮುಚ್ಚಳ ಮುಚ್ಚಬೇಕು. ಸುತ್ತಲಿನ ಮಣ್ಣು ಒಣಗಿದಷ್ಟೂ ಮಡಕೆಯ ಗೋಡೆಯಿಂದ ನೀರು ಜಿನುಗುತ್ತದೆ. ಮಣ್ಣು ಒದ್ದೆಯಿದ್ದರೆ ಜಿನುಗುವುದು ತಾನಾಗಿ ಕಡಿಮೆಯಾಗುತ್ತದೆ. ಮೇಲ್ಮಣ್ಣು ಒದ್ದೆಯಾಗದ್ದರಿಂದ ಬಿಸಿಲಿಗೆ ಪಾಲಿಲ್ಲ. ಮಳೆನೀರು ಇದಕ್ಕೆ ಬಹಳ ಒಗ್ಗುತ್ತದೆ; ಗಡಸು ನೀರು ಹಾಕಿದರೆ ಮಡಕೆಯ ಸಣ್ಣ ರಂಧ್ರಗಳು ಲವಣ ಕಟ್ಟಿ ಮುಚ್ಚಿಹೋಗುತ್ತವೆ. ಸಂತೆಯಲ್ಲಿ ಒಡಕು ಬಾಯಿಯ ಮಡಕೆಯನ್ನು ಅರ್ಧ ಬೆಲೆಗೆ ಕೇಳಿ ನೋಡಿ, ಕೊಡುತ್ತಾರೆ. ಹೂಳುವ ಮಡಕೆಗೆ ಬಾಯಿ ಒಡೆದಿದ್ದರೆ ನಷ್ಟವಿಲ್ಲ.

ನೀರು ಮತ್ತು ಗಿಡ ಒಂದೇ ವಿಷಯ ಎಂದು ನಮ್ಮವರು ತಿಳಿದಿದ್ದರು. ಕ್ರಿ.ಶ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ನೆಲದಡಿಯ ನೀರನ್ನು ಗುರುತಿಸುವ ವಿಚಾರಕ್ಕೂ, ಗಿಡಮರಗಳ ಆರೈಕೆಯ ವೃಕ್ಷಾಯುರ್ವೇದಕ್ಕೂ ಅಧ್ಯಾಯಗಳಿವೆ. ಗೃಹಸ್ಥನಿಗೆ ಬೇಕಾದ ತಿಳಿವಳಿಕೆಯ ಪಟ್ಟಿಯಲ್ಲಿ ಅಡುಗೆಯ ಜೊತೆ ಇವೆರಡನ್ನೂ ಆತ ಸೇರಿಸಿದ್ದ.

ಊರಿಗೊಂದು ಲೆಕ್ಕ

ಬೆಂಗಳೂರಿನ ಈ ಲೆಕ್ಕ ಬೇರೆ ಊರಿಗೆ ಹಾಗೆಯೇ ಹೊಂದುವುದಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ 350 ಸೆಂಟಿಮೀಟರ್‌ಗೂ ಹೆಚ್ಚು ಮಳೆ, ಬೆಂಗಳೂರಿನ ಮೂರೂವರೆ ಪಟ್ಟು. ಆದರೂ ಕೈತೋಟದ ಡ್ರಮ್ಮಿಗೆ ಅಲ್ಲಿ ಕೆಲಸ ಕಡಿಮೆ! ಬಹುಪಾಲು ಮಳೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆಮೇಲಿನ ದೀರ್ಘ ಬಿಡುವಿಗೆ ಡ್ರಮ್ಮು ಯಾವ ಮೂಲೆಗೂ ಸಾಲದು. ಅಲ್ಲಿ ಸೂರಿನ ನೀರನ್ನು ಸೋಸಿ ಬಾವಿಗೆ ಬಿಡುವುದೇ ಸರಿಯಾದ ಕ್ರಮ. ವಿಜಯಪುರ, ರಾಯಚೂರು ಕಡೆ ಮಳೆಯೇ 60-65 ಸೆಂಟಿಮೀಟರ್. ಮಳೆಯ ದಿನಗಳೂ ಕಡಿಮೆ, ಬಂದರೆ ಒಮ್ಮೆಲೇ ಜೋರು. ಅಲ್ಲಿ ಡ್ರಮ್ಮಿಗಿಂತ ದೊಡ್ಡ ತೊಟ್ಟಿ ಬೇಕು, ಬಿಸಿಲಿನಿಂದ ಹೆಚ್ಚು ಮರೆ ಬೇಕು. ಸಣ್ಣ ಪಾತ್ರೆ ಹೆಚ್ಚು ಪ್ರಯೋಜನಕ್ಕೆ ಬರುವುದು ಮಳೆ ಹಲವು ತಿಂಗಳು ಬಿಡಿಬಿಡಿಯಾಗಿ ಬರುವ ಬೆಂಗಳೂರು, ಕೋಲಾರ, ತುಮಕೂರು, ಮೈಸೂರು ಸೀಮೆಯಲ್ಲಿ.

ಈ ಸೀಮೆಯವರಿಗೆ ಪಂಚಾಂಗದ ಮಳೆ ನಕ್ಷತ್ರಗಳೇ ಸಾಕಷ್ಟು ಒಳ್ಳೆಯ ಕ್ಯಾಲೆಂಡರು. ಏಪ್ರಿಲ್ ಕೊನೆಗೆ ಭರಣಿ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎನ್ನುತ್ತಾರಲ್ಲ, ಅಷ್ಟರೊಳಗೆ ಡ್ರಮ್ಮು, ಪರದೆ, ನಲ್ಲಿ ಸಿದ್ಧವಾಗಿರಬೇಕು. ಸೆಪ್ಟೆಂಬರ್ ಕೊನೆಯ ಹಸ್ತದಿಂದ ಚಿತ್ತೆ, ಸ್ವಾತಿಯವರೆಗೆ ನೀರಿಗೆ ಬರವಿಲ್ಲ. ಅಕ್ಟೋಬರ್ ಕೊನೆ ವಾರಕ್ಕೆ ಬರುವ ಸ್ವಾತಿ ಮಳೆಯ ನೀರನ್ನು ಶುಭ್ರ ಪಾತ್ರೆಯಲ್ಲಿ ಹಿಡಿದು ಮುಚ್ಚಿಡುವ ರೂಢಿ ಎಷ್ಟೋ ಮನೆಗಳಲ್ಲಿದೆ, ಅದು ಕೆಡುವುದಿಲ್ಲವೆಂಬ ನಂಬಿಕೆ. ನಂಬಿಕೆಯ ಮಾತು ಹಾಗಿರಲಿ, ಅಷ್ಟು ಹೊತ್ತಿಗೆ ನಾಲ್ಕೈದು ತಿಂಗಳ ಮಳೆ ಗಾಳಿಯನ್ನೂ ಸೂರನ್ನೂ ತೊಳೆದು ಮುಗಿಸಿರುತ್ತದೆ. ಮೊದಲ ಮಳೆಯ ಕೊಳೆ ಅದರಲ್ಲಿರುವುದಿಲ್ಲ. ಆಮೇಲೆ ನೂರು ದಿನದ ಬಿಡುವು ಶುರು. ಮುಚ್ಚಿಡಬೇಕಾದ ನೀರು ಅದೇ ಎಂದು ಹಿರಿಯರು ಆರಿಸಿಕೊಂಡಿದ್ದರಲ್ಲಿ ಅನುಭವವಿದೆ.

ನಾನೂ ಈಗ ಹಾಗೆಯೇ ಮಾಡುತ್ತೇನೆ. ಅಕ್ಟೋಬರ್ ಮಧ್ಯದಲ್ಲಿ ಎರಡೂ ಡ್ರಮ್ಮುಗಳನ್ನು ಬರಿದು ಮಾಡಿ, ತಳದ ಕೆಸರನ್ನು ಬಾಳೆಯ ಬುಡಕ್ಕೆ ಸುರಿದು, ತಿಕ್ಕಿ ತೊಳೆದು, ಪರದೆ ಬದಲಿಸಿ ಸ್ವಾತಿಗೆ ಕಾಯುತ್ತೇನೆ. ಕಳೆದ ಸಲ ಆ 400 ಲೀಟರ್ ನೀರು, ಬುಡಕ್ಕೆ ತರಗೆಲೆ ಹೊದಿಸಿ, ಐದು ಮಡಕೆ ಹೂತು, ಅಕ್ಕಿ-ತರಕಾರಿ ತೊಳೆದ ನೀರನ್ನು ಜೊತೆಗೆ ಸೇರಿಸಿಕೊಂಡು, ಜನವರಿ ಕೊನೆಯವರೆಗೆ ಬಂತು. ಫೆಬ್ರವರಿಯಲ್ಲಿ ಎರಡು ಗುಲಾಬಿ ಒಣಗಿದವು. ಮಲ್ಲಿಗೆ, ಕರಿಬೇವು, ತುಳಸಿ ಉಳಿದವು. ಬರಿದಾದ ಡ್ರಮ್ಮುಗಳನ್ನು ಒಣಗಿಸಿ, ಮಾವಿನ ಮರದ ನೆರಳಿನಲ್ಲಿ ಮಗುಚಿ ಹಾಕಿದ್ದೇವೆ. ಮನೆಯೊಡತಿ ಈ ಸಲ ತಮ್ಮ ಕಡೆಯ ಪೈಪಿಗೂ ಒಂದು ಡ್ರಮ್ಮು ತರಲು ಹೇಳಿದ್ದಾರೆ, ರಂಧ್ರಕ್ಕೆ ಪರದೆ ತಾವೇ ಕಟ್ಟುತ್ತಾರಂತೆ.